ಶಿವದಾರದ ಕೆಳಗಿನ ಗಂಟು

ಎದೆ ಪರೀಕ್ಷಿಸಲೆಂದು ಡಾಕ್ಟರು ಬಗ್ಗಿದಾಗ ಮಟಕಿ ಊರಿನ ನಮ್ಮ ಕಾಕಾ ಕೊರಳಿನ ಶಿವದಾರವನ್ನು ಪಕ್ಕಕ್ಕೆ ಸರಿಸಿದರು. ಡಾಕ್ಟರ ಬೆರಳು ಎಡ ಕೊರಳಿನ ಬುಡದಲ್ಲಿದ್ದ ಸಣ್ಣ ಗಂಟಿನ ಮೇಲೆ ನಿಂತಿತು. ನಾವು ಹೋಗಿದ್ದು ಅವರ ಮೊಣಕಾಲು ನೋವಿಗೆ.

“ಲಿಂಗದ ದಾರ ತಿಕ್ಕಿ ಆಗ್ಯಾದ್ರಿ. ಮೆತ್ತಂದು ಹಾಕ್ಕೊಂಡೀನಿ, ಇಳೀತದ,” ಎಂದರು ಕಾಕಾ.

“ಹಿಂಗ ಎಷ್ಟು ದಾರ ಬದಲಿ ಮಾಡೀರಿ, ಯಜಮಾನ್ರೇ?”

“ಇದು ಮೂರನೇದ್ರಿ.”

ಹಾಗೆಂದು ಕಾಕಾ ನಕ್ಕರೆಂದು ನನ್ನ ನೆನಪು. ಜೊತೆಗಿದ್ದ ಅವರ ಹೆಂಡತಿ, ನಮ್ಮ ಕಾಕು ಮಾತ್ರ, ಕಾಕಾ ನಗಲೇ ಇಲ್ಲ ಎನ್ನುತ್ತಾರೆ. ಕ್ಯಾನ್ಸರ್ ಇದ್ದದ್ದು ಹೊಟ್ಟೆಯಲ್ಲಿ, ಮೊದಲು ಕಾಣಿಸಿಕೊಂಡದ್ದು ಕೊರಳಲ್ಲಿ ಎಂದು ಆಮೇಲೆ ತಿಳಿಯಿತು.

ಚಿಕಿತ್ಸೆ ನಡೆದಿದೆ. ದಾರದ ತಪ್ಪೇನೂ ಇಲ್ಲವೆಂದು ಗೊತ್ತಿದ್ದರೂ, ಪೂಜೆ ಮುಗಿಸಿ ಲಿಂಗ ಧರಿಸುವಾಗ ಕಾಕಾ ಈಗಲೂ ಅದನ್ನು ಗಂಟಿಗೆ ತಾಗದಂತೆ ಸರಿಸಿಕೊಳ್ಳುತ್ತಾರೆ. ನೋಡುತ್ತಿದ್ದರೆ ನನ್ನ ಕೈ ತಾನಾಗಿ ನನ್ನ ಕೊರಳಿಗೆ ಹೋಗುತ್ತದೆ.