ಅರ್ಧ ಗಂಟೆ ಮೊದಲು ಉಣ್ಣುತ್ತಿದ್ದವರು

ಮಾರ್ಚ್ ಕೊನೆಯ ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆ ನಾಲ್ಕು ನಿಮಿಷಕ್ಕೆ, ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ ನಾವಿರುವ ಕಟ್ಟಡದ ನೆಲಮಹಡಿಯ ಮನೆಯಲ್ಲಿ, ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಎಡಭುಜ ಆನಿಸಿ ನಾನು ನಿಂತಿದ್ದೆ. ನನ್ನಿಂದ ಎರಡು ಹೆಜ್ಜೆ ಮುಂದೆ, ಸಿಂಕಿನ ಎದುರು, ನನಗೆ ಬೆನ್ನು ಮಾಡಿ ಸೆನ್ಸೇ ನಿಂತಿದ್ದರು. ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಸೀಳಿನೊಳಗೆ ಸೊಪ್ಪಿನ ಕರೆ ಕೂತು ಹಸಿರು ಗೆರೆಯಾಗಿತ್ತು. ವರ್ಷವಿಡೀ ಹಾಗೇ ಇರುತ್ತಿತ್ತು. ಆ ಹೆಬ್ಬೆರಳು ಸಿಂಕಿನ ಸ್ಟೀಲ್ ಅಂಚಿನ ಮೇಲೆ ತನ್ನಷ್ಟಕ್ಕೆ ಬಡಿಯತೊಡಗಿದ್ದನ್ನು ನಾನು ಮೊದಲು ಕಂಡೆ. ನಲ್ಲಿ ನಿಂತಿತ್ತು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಗಂಟೆ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ನಾನು, ನನ್ನ ಹೆಂಡತಿ, ನಮ್ಮ ಮಗಳು, ಮೂವರೂ ಗೋಡೆಯ ಗಡಿಯಾರ ನೋಡುತ್ತಾ ಹನ್ನೆರಡೂ ಹತ್ತು ಆಗುವುದನ್ನೇ ಕಾಯುತ್ತಿದ್ದೆವು. ಅಲ್ಲಿಯವರೆಗೆ ನಮಗೆ ಬಡಿಸುವಂತಿರಲಿಲ್ಲ. ಅದು ಆ ಮನೆಯ ನಿಯಮ.

ಸೆನ್ಸೇ ಎಂದರೆ ಇಲ್ಲಿ ಗುರುಗಳು. ಈಕೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಮಧ್ಯಾಹ್ನದ ಊಟ ನೋಡಿಕೊಂಡವರು. ಯಾವ ದಿನ ಯಾವ ಸೊಪ್ಪು, ಎಷ್ಟು ಬೇಯಬೇಕು, ಯಾವ ಮಗುವಿಗೆ ಯಾವುದು ಆಗದು, ಎಲ್ಲ ಅವರ ಜವಾಬ್ದಾರಿ. ನಿವೃತ್ತರಾದ ಮೇಲೆ ಒಬ್ಬರೇ ಇದ್ದರು. ನಾವು ಮೂರನೇ ಮಹಡಿ, ಅವರು ಕೆಳಗೆ.

ಪರಿಚಯವಾದದ್ದು ಮೆಟ್ಟಿಲ ಮೇಲೆ. ಒಂದು ಸಂಜೆ ನನ್ನ ಹೆಂಡತಿ ಸಾಮಾನಿನ ಚೀಲಗಳ ಸಮೇತ ತಲೆ ಸುತ್ತಿ ಕೂತುಬಿಟ್ಟಳು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಸೆನ್ಸೇ ಅವಳ ಪಕ್ಕ ಕೂತಿದ್ದರು. ಹಸಿರು ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆ ಎಳೆದು ನೋಡಿ, ನನ್ನ ಕಡೆ ತಿರುಗಿದರು.

"ನಿನ್ನೆ ಇವರು ಏನು ತಿಂದರು?"

ಹೆಂಡತಿಯನ್ನು ಕೇಳಿ ಹೇಳಿದೆ. "ಅನ್ನ, ಮೊಸರು, ಉಪ್ಪಿನಕಾಯಿ."

"ಮೊನ್ನೆ?"

"ಅದೇ."

"ನಿಮ್ಮ ಡಬ್ಬಿಯಲ್ಲಿ ಏನಿತ್ತು?"

ನನ್ನ ಡಬ್ಬಿಯಲ್ಲಿ ಹುರುಳಿಕಾಯಿ ಪಲ್ಯ, ಚಪಾತಿ, ಕೋಸಂಬರಿ ಇತ್ತು. ಹೇಳಿದೆ. ಸೆನ್ಸೇ ನಗಲಿಲ್ಲ. "ಹಾಗಾದರೆ ಈ ಮನೆಯಲ್ಲಿ ರಕ್ತ ಎಲ್ಲಿಗೆ ಹೋಗುತ್ತಿದೆ ಅಂತ ಡಾಕ್ಟರನ್ನು ಕೇಳಬೇಕಾಗಿಲ್ಲ," ಎಂದರು. ಆ ಮಾತನ್ನು ನಾನು ಕನ್ನಡಕ್ಕೆ ತರಲಿಲ್ಲ. ಆಗ ಆರು ವರ್ಷದವಳಾಗಿದ್ದ ಮಗಳು ತಂದಳು.

ಮರುದಿನ ಅವರು ಸುದ್ದಿಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು ಸೊಪ್ಪು ತಂದುಕೊಟ್ಟರು. ಹೆಸರು ಸೆರಿ. ನೀರಿನ ಅಂಚಿನಲ್ಲಿ ಬೆಳೆಯುತ್ತದೆ. ಎಲೆ ಕೊತ್ತಂಬರಿಯನ್ನು ಹೋಲುತ್ತದೆ, ಕಡ್ಡಿ ಸಣ್ಣದು, ಬೇರು ಮುದುಕರ ಗಡ್ಡದಂತೆ ಬಿಳಿ ಎಳೆ ಎಳೆ. ಹೆಂಡತಿ ಮೂಗಿಗೆ ಹಿಡಿದವಳು ಬಹಳ ಹೊತ್ತು ತೆಗೆಯಲಿಲ್ಲ.

"ರೀ, ಇದು ನಮ್ಮೂರ ಗದ್ದೆ ಬದುವಿನ ವಾಸನೆ ಕಣ್ರೀ. ಕೊತ್ತಂಬರಿಗೆ ಚೂರು ಓಮ ಸೇರಿಸಿದ ಹಾಗಿದೆ."

ಅವಳು ಮಂಡ್ಯದ ಕಡೆಯವಳು. ಅಜ್ಜಿಯ ಜೊತೆ ಬದುಗಳ ಮೇಲೆ ಬೆರಕೆ ಸೊಪ್ಪು ಕೊಯ್ದು ಬೆಳೆದವಳು. ಹತ್ತು ಬಗೆ ಸೊಪ್ಪನ್ನು ಕಣ್ಣು ಮುಚ್ಚಿ ಮೂಗಿನಲ್ಲೇ ಬೇರೆ ಮಾಡಬಲ್ಲಳು. ಸೆನ್ಸೇಗೂ ಅವಳಿಗೂ ಸ್ನೇಹ ಬೆಳೆದದ್ದು ಸೊಪ್ಪಿನಿಂದ. ಇಬ್ಬರಿಗೂ ಸಾಮಾನ್ಯವಾದ ಭಾಷೆ ಇರಲಿಲ್ಲ. ನಡುವೆ ನಾನಿದ್ದೆ.

ಸೆನ್ಸೇ ಹೇಳಿಕೊಟ್ಟದ್ದು ಹೀಗೆ: ಉಪ್ಪು ಹಾಕಿದ ಕುದಿಯುವ ನೀರಿಗೆ ಮೊದಲು ಬೇರು, ಆಮೇಲೆ ಕಡ್ಡಿ, ಕೊನೆಗೆ ಎಲೆ. ಇಪ್ಪತ್ತು ಎಣಿಸಿ ತೆಗೆಯಬೇಕು. ಜಾಸ್ತಿ ಕುದಿಸಿದರೆ ಸಿ ಜೀವಸತ್ವ ನೀರಿನ ಪಾಲು. ತಕ್ಷಣ ತಣ್ಣೀರಿಗೆ ಅದ್ದಿ, ಹಿಂಡಿ, ಹುರಿದು ಕುಟ್ಟಿದ ಎಳ್ಳಿನಲ್ಲಿ ಕಲಸಬೇಕು. ಎಳ್ಳಿನ ಜಿಡ್ಡಿಲ್ಲದಿದ್ದರೆ ಹಸಿರೊಳಗಿನ ಎ ಜೀವಸತ್ವ ಮೈಗೆ ಹತ್ತುವುದಿಲ್ಲ. ಬೇರು ಎಸೆಯುವವರನ್ನು ಕಂಡರೆ ಅವರಿಗೆ ಆಗದು. ನಾವು ಮೀನು ತಿನ್ನುವುದಿಲ್ಲವೆಂದು ನಮಗಾಗಿ ಕಡಲಪಾಚಿಯ ಸಾರು ಬೇರೆ ಮಾಡಿಡುತ್ತಿದ್ದರು. "ಇದು ಔಷಧಿಯಲ್ಲ, ಊಟ. ಕಬ್ಬಿಣದ ಮಾತ್ರೆ ಬಿಡಬೇಡಿ," ಎಂದು ಪ್ರತಿ ಸಲ ಎಚ್ಚರಿಸುತ್ತಿದ್ದರು. ಹೆಂಡತಿ ಅದನ್ನೇ ತೊಗರಿಬೇಳೆ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿ ಕೊಟ್ಟಾಗ, ಎರಡು ಬಟ್ಟಲು ಉಂಡು, ಬೇಳೆ ಹಾಕಿದ್ದು ಬುದ್ಧಿವಂತಿಕೆ ಎಂದರು. ಜನವರಿ ಏಳರಂದು ಇಲ್ಲಿಯವರು ಸೆರಿಯೂ ಸೇರಿ ಏಳು ಬಗೆ ಸೊಪ್ಪು ಹಾಕಿ ಗಂಜಿ ಕುಡಿಯುತ್ತಾರೆ. ಅದನ್ನು ಕುಡಿದ ಹೆಂಡತಿ, "ಇದು ಬೆರಕೆ ಸೊಪ್ಪೇ. ಖಾರ ಹಾಕೋದು ಮರೆತಿದ್ದಾರೆ ಅಷ್ಟೆ," ಎಂದಳು. ನಾನು ಅದನ್ನು, "ನಮ್ಮ ಊರಿನ ಅಡುಗೆ ನೆನಪಾಗುತ್ತದೆ," ಎಂದು ಹೇಳಿದೆ.

ನನ್ನ ಉದ್ಯೋಗದ ಬಗ್ಗೆ ಇಲ್ಲಿ ಹೇಳಬೇಕು. ಜಪಾನಿನ ಗಿರಾಕಿಗಳಿಗೂ ಬೆಂಗಳೂರಿನ ತಂಡಕ್ಕೂ ನಡುವೆ ಕೂತು ಮಾತು ದಾಟಿಸುವ ಇಂಜಿನಿಯರ್ ನಾನು. ಬೆಂಗಳೂರಿನವರು "ಆಗಲ್ಲ" ಎಂದರೆ "ಪರಿಶೀಲಿಸುತ್ತೇವೆ" ಎನ್ನುತ್ತೇನೆ. ಗಿರಾಕಿಗಳು "ಕಷ್ಟವಾಗಬಹುದು" ಎಂದರೆ ಅದನ್ನು "ಆಗಲ್ಲ" ಎಂದು ತಿಳಿಸುತ್ತೇನೆ. ಹದಿನಾರು ವರ್ಷ ಅದರಲ್ಲೇ ಅನ್ನ ತಿಂದಿದ್ದೇನೆ. ಮನೆಯಲ್ಲೂ ಅದೇ ಅಭ್ಯಾಸ. "ಉಪ್ಪೇ ಇಲ್ಲ" ಎಂದು ಹೆಂಡತಿ ಅಂದದ್ದು ಸೆನ್ಸೇ ಕಿವಿಗೆ "ಹಿತವಾದ ರುಚಿ" ಎಂದು ತಲುಪುತ್ತಿತ್ತು. ಮಗಳು ನಗುತ್ತಿದ್ದಳು. "ಅಪ್ಪಾ, ಯು ಆರ್ ಎ ಫಿಲ್ಟರ್."

ಆ ಮನೆಯ ನಿಯಮಕ್ಕೆ ಬರುತ್ತೇನೆ. ಇಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ದೊಡ್ಡವರೊಬ್ಬರು ಅದೇ ಊಟ ಮಾಡಿ ನೋಡಬೇಕು. ಕೆನ್‌ಶೋಕು ಎನ್ನುತ್ತಾರೆ. ಸೆನ್ಸೇ ಕೆಲಸ ಬಿಟ್ಟಿದ್ದರೂ ಅದನ್ನು ಬಿಟ್ಟಿರಲಿಲ್ಲ. ಯಾರನ್ನು ಊಟಕ್ಕೆ ಕರೆದರೂ ತಾವು ಮೊದಲು ಒಂದು ಬಟ್ಟಲು ಪೂರ್ತಿ ಉಂಡು, ಗಡಿಯಾರ ನೋಡಿ, ಅರ್ಧ ಗಂಟೆ ನಮ್ಮನ್ನು ಬಾಯಾಡಿಸಲು ಬಿಡದೆ ಕೂರಿಸುತ್ತಿದ್ದರು.

"ಮಹಾರಾಜರಿಗೆ ಊಟ ಬಡಿಸೋ ಮುಂಚೆ ಯಾರಾದ್ರೂ ತಿಂದು ನೋಡ್ತಿದ್ರಂತಲ್ಲ, ಹಾಗೆ," ಎಂದು ಹೆಂಡತಿ ಕಿಚಾಯಿಸುತ್ತಿದ್ದಳು. ಇದನ್ನು ಮಾತ್ರ ನಾನು ಇದ್ದ ಹಾಗೇ ದಾಟಿಸಿದೆ.

ಸೆನ್ಸೇ, "ಮಹಾರಾಜರು ಸತ್ತರೆ ಮಗ ಪಟ್ಟಕ್ಕೆ ಬರುತ್ತಾನೆ. ಒಂದನೇ ತರಗತಿಯ ಮಗುವಿನ ಜಾಗಕ್ಕೆ ಯಾರು ಬರುತ್ತಾರೆ?" ಎಂದರು.

ಸೊಪ್ಪು ಕೊಯ್ಯಲು ಅವರು ರೈಲು ಹತ್ತಿ ತವರಿಗೆ ಹೋಗುತ್ತಿದ್ದರು, ಚೀಬಾದ ಒಳನಾಡಿನಲ್ಲಿ ತಮ್ಮನ ಗದ್ದೆಯ ಕಾಲುವೆಗೆ. "ಮೊದಲು ಮೂಗು, ಆಮೇಲೆ ಬೇರು, ಬಾಯಿ ಕೊನೆಗೆ," ಎನ್ನುವುದು ಅವರ ಪಾಠ. ಸೆರಿಯ ಪಕ್ಕದಲ್ಲೇ ಬೆಳೆಯುವ ದೊಕುಜೆರಿ ಎಂಬ ಇನ್ನೊಂದು ಗಿಡವಿದೆ. ದೊಕು ಎಂದರೆ ವಿಷ. ಎಳೆಯದರಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ವಿಷದ್ದಕ್ಕೆ ಆ ಪರಿಮಳವಿಲ್ಲ, ಬೇರು ದಪ್ಪ, ಸೀಳಿದರೆ ಒಳಗೆ ಬಿದಿರಿನಂತೆ ಟೊಳ್ಳು ಗೂಡುಗಳು. ಬೇಯಿಸಿದರೂ ವಿಷ ಹೋಗದು. ಇದನ್ನು ಅವರು ಚಿತ್ರ ಬರೆದು ತೋರಿಸಿದ್ದರು. ಆ ಚಿತ್ರ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ವರ್ಷಗಟ್ಟಲೆ ಇತ್ತು.

ಕೊನೆಯ ಮೂರು ವಸಂತಗಳಲ್ಲಿ ಅವರಿಗೊಂದು ಹೊಸ ರೂಢಿ ಬಂದಿತ್ತು. ತಂದ ಪ್ರತಿ ಕಟ್ಟನ್ನೂ ಮೊದಲು ನನ್ನ ಹೆಂಡತಿಯ ಮುಖದ ಮುಂದೆ ಹಿಡಿದು, "ಓಕುಸಾನ್, ಪರಿಮಳ ಹೇಗಿದೆ?" ಎಂದು ಕೇಳುತ್ತಿದ್ದರು. ಓಕುಸಾನ್ ಎಂದರೆ ಮನೆಯೊಡತಿ. ಅತಿಥಿಗೆ ಮರ್ಯಾದೆ ಮಾಡುವ ಬಗೆ ಎಂದುಕೊಂಡೆವು.

ಆ ಭಾನುವಾರ ನಾವು ಹೋದಾಗ ಹನ್ನೊಂದು ಗಂಟೆ. ಮೇಜಿನ ಮೇಲೆ ಎರಡು ಕಟ್ಟಿದ್ದವು. ಎರಡಕ್ಕೂ ಬೇರಿರಲಿಲ್ಲ. ಕೇಳಿದ್ದಕ್ಕೆ, "ಕಾಲುವೆಗೆ ಸಿಮೆಂಟ್ ಹಾಕಿಬಿಟ್ಟಿದ್ದಾರೆ. ಆಚೆಯ ಪಾಳು ಗದ್ದೆಗೆ ಹೋದೆ. ಕೆಸರು. ಅಗೆಯಲು ಮೊಣಕಾಲು ಕೇಳಲಿಲ್ಲ, ಕುಡುಗೋಲಿನಲ್ಲಿ ಕೊಯ್ದೆ," ಎಂದರು. ಮೊದಲ ಕಟ್ಟು ಹಿಡಿದರು. ಹೆಂಡತಿ ಮೂಸಿ, ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಎರಡನೆಯ ಕಟ್ಟಿನ ಕಡ್ಡಿಗಳು ದಪ್ಪಗಿದ್ದವು. ಸೆನ್ಸೇಗೆ ಅದೇ ಹೆಮ್ಮೆ. "ಈ ಸಲ ಹೇಗೆ ಬೆಳೆದಿದೆ ನೋಡಿ. ಪರಿಮಳ ಹೇಗಿದೆ?"

ಹೆಂಡತಿ ಮೂಸಿದಳು. ಒಂದು ಎಲೆ ಉಜ್ಜಿ ಮತ್ತೆ ಮೂಸಿದಳು. "ರೀ, ಇದ್ರಲ್ಲಿ ಘಮಾನೇ ಇಲ್ಲ. ಬರೀ ಹುಲ್ಲು. ಅವ್ರಿಗೆ ಹೇಳ್ರಿ."

ಸೆನ್ಸೇ ನನ್ನ ಮುಖ ನೋಡುತ್ತಿದ್ದರು. ಎಪ್ಪತ್ತಾರು ವರ್ಷದವರು ಎರಡು ರೈಲು ಬದಲಾಯಿಸಿ, ಕೆಸರಿಗಿಳಿದು ತಂದದ್ದು. ನಾನು ಜಪಾನಿಯಲ್ಲಿ ಹೇಳಿದೆ: "ಬಹಳ ಒಳ್ಳೆಯ ಪರಿಮಳ ಅನ್ನುತ್ತಿದ್ದಾಳೆ."

"ಅಪ್ಪಾ," ಎಂದಳು ಮಗಳು. "ಅಮ್ಮ ದಟ್ ಹೇಳ್ಲಿಲ್ಲ."

"ಆಮೇಲೆ," ಎಂದೆ.

ಸೆನ್ಸೇ ಎರಡೂ ಕಟ್ಟು ತೊಳೆದರು. ದಪ್ಪ ಕಡ್ಡಿಯದನ್ನು ಬೇಯಿಸಿ ಎಳ್ಳಿನಲ್ಲಿ ಕಲಸಿದರು. ಹನ್ನೊಂದೂ ನಲವತ್ತಕ್ಕೆ ತಮ್ಮ ಬಟ್ಟಲು ಉಂಡರು. ನಮ್ಮ ಮೂರು ಬಟ್ಟಲು ಮೇಜಿನ ಮೇಲೆ ಮುಚ್ಚಿಟ್ಟರು. ಮಗಳಿಗೆ ಹಸಿವಾಗಿತ್ತು, ಚಾಪ್‌ಸ್ಟಿಕ್ ಕೈಯಲ್ಲೇ ಹಿಡಿದು ಕೂತಿದ್ದಳು.

ಹೆಬ್ಬೆರಳು ಬಡಿಯತೊಡಗಿದ ಮೇಲೆ ಸೆನ್ಸೇ ಒಮ್ಮೆ ಉಗುಳಿದರು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಗೋಡೆ ಹಿಡಿದು, ನನ್ನನ್ನು ದಾಟಿ ಮೇಜಿನ ಬಳಿ ಬಂದು, ಮಗಳ ಬಟ್ಟಲಿನ ಮುಚ್ಚಳದ ಮೇಲೆ ಅಂಗೈ ಊರಿದರು. "ತಿನ್ನಬೇಡಿ," ಎಂದರು. ವಾಂತಿಯಾಯಿತು. ಆಮೇಲೆ, "ಎಸೆಯಬೇಡಿ. ಆಸ್ಪತ್ರೆಗೆ ಕೊಡಿ," ಎಂದರು. ಅವರ ಕೊನೆಯ ಮಾತು ಅದು. ಕಾಲು ಮಡಚಿ ನೆಲಕ್ಕೆ ಕುಸಿದರು. ಹೆಂಡತಿ ಅವರನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ತನ್ನ ಸ್ವೆಟರ್ ಇಟ್ಟಳು. ಮೈ ಸೆಟೆದು ಅದುರಲು ಶುರುವಾಯಿತು.

ಆಂಬುಲೆನ್ಸಿಗೆ ಫೋನ್ ಮಾಡಿದ್ದು ಮಗಳು. ಅವಳ ಜಪಾನಿ ನನ್ನದಕ್ಕಿಂತ ಚೆನ್ನ. ವಿಳಾಸ ಹೇಳಿದಳು, ವಯಸ್ಸು ಹೇಳಿದಳು, ಕಾಡು ಸೆರಿ ತಿಂದಿದ್ದಾರೆ ಎಂದಳು. ಆ ಕಡೆಯವರು ಏನೋ ಕೇಳಿದರು. ಅದಕ್ಕೆ ಅವಳು ಜಪಾನಿಯಲ್ಲಿ, ಒಂದೊಂದೇ ಪದ ಬಿಡಿಸಿ, "ಅದಕ್ಕೆ ವಾಸನೆ ಇರಲಿಲ್ಲ. ಅಮ್ಮ ಮೊದಲೇ ಹೇಳಿದ್ದಳು," ಎಂದಳು.

ಆಗ ಸೆನ್ಸೇ ಕಣ್ಣುಗಳು ನನ್ನ ಕಡೆ ತಿರುಗಿದವು. ಮಾತು ಕೇಳಿಸಿ ತಿರುಗಿದವೋ, ಸೆಳೆತಕ್ಕೆ ತಿರುಗಿದವೋ, ನಾನು ಹೇಳಲಾರೆ. ತಿರುಗಿದ್ದನ್ನು ಕಂಡೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮ ಮೂರು ಬಟ್ಟಲುಗಳನ್ನು ಪರೀಕ್ಷೆಗೆ ಒಯ್ದಿದ್ದರು. ಮೂರರಲ್ಲೂ ಅದೇ ದೊಕುಜೆರಿ ಇತ್ತು. ವಿಚಾರಣೆಗೆ ಬಂದ ಅಧಿಕಾರಿ ವಾಸನೆಯ ಬಗ್ಗೆ ಕೇಳಿದರು. ಮಗಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ನನ್ನ ಹೆಂಡತಿ ಹೀಗೆಂದಳು, ನಾನು ಹಾಗೆಂದೆ. ಅವರು ಅದನ್ನು ಬರೆದುಕೊಂಡರು. ಬೇರೇನೂ ಕೇಳಲಿಲ್ಲ.

ಅಂತ್ಯಕ್ರಿಯೆಯಾದ ಮೇಲೆ ಅವರ ತಂಗಿಯ ಬಳಿಯೂ ಇದನ್ನೇ ಹೇಳಿ, ತಲೆಬಾಗಿ ನಿಂತೆ. ಆಕೆ ಹೇಳಿದರು: ಮೂರು ವರ್ಷದ ಹಿಂದೆ ಜ್ವರ ಬಂದು ಹೋದ ಮೇಲೆ ಅಕ್ಕನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಬೇಡ ಎಂದಿದ್ದಳು. ಸೊಪ್ಪಿಗೆ ಹೋಗಬೇಡ ಎಂದು ತಾನು ಜಗಳವಾಡಿದರೆ, "ಮೇಲಿನ ಮನೆಯ ಓಕುಸಾನ್ ಮೂಗು ಇದೆಯಲ್ಲ, ಅದು ನನ್ನ ಹಳೆಯ ಮೂಗಿಗಿಂತ ಚೆನ್ನಾಗಿದೆ," ಎನ್ನುತ್ತಿದ್ದಳು.

ಇದಾಗಿ ನಾಲ್ಕು ವರ್ಷ. ನಾವು ಮೂವರು ಇವತ್ತು ಇರುವುದು ಅವರು ನಮಗಿಂತ ಮೊದಲು ಉಂಡದ್ದರಿಂದ.

ಆ ಹೊತ್ತು ಆ ಮನೆಯಲ್ಲಿ ನನ್ನನ್ನೂ ಸೆನ್ಸೇಯನ್ನೂ ಬಿಟ್ಟರೆ ಇದ್ದವರು ಇಬ್ಬರು. ಹೆಂಡತಿ ಪವಿತ್ರಾ, ಬದುಕಿದ್ದಾಳೆ, ಈಗ ಜಪಾನಿ ಕಲಿತಿದ್ದಾಳೆ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ತನ್ನ ಮಾತು ತಾನೇ ಆಡುತ್ತಾಳೆ. ಮಗಳು ಸಿಂಚನಾ, ಬದುಕಿದ್ದಾಳೆ, ಹದಿನೆಂಟು ವರ್ಷ, ಒಸಾಕಾದಲ್ಲಿ ಓದುತ್ತಿದ್ದಾಳೆ. ಅಮ್ಮ ಹೇಳಿದ ಕನ್ನಡ, ನಾನು ಹೇಳಿದ ಜಪಾನಿ, ಎರಡನ್ನೂ ಅಲ್ಲಿ ಪೂರ್ತಿ ಅರ್ಥ ಮಾಡಿಕೊಂಡವಳು ಅವಳೊಬ್ಬಳೇ.