ಕೆಂಪರಾಜು ಮಾಮನ ಮಿಟುಕದ ಸೀರಿಯಲ್ ಸೆಟ್

ಉತ್ತರಹಳ್ಳಿಯಲ್ಲಿ ಯಾರ ಮನೆಗೆ ಸೀರಿಯಲ್ ಸೆಟ್ ದೀಪ ಬಿಡಬೇಕಾದರೂ ಕೆಂಪರಾಜು ಮಾಮನೇ ಬರಬೇಕು. ಮದುವೆ, ಗೃಹಪ್ರವೇಶ, ಗಣಪತಿ ಪೆಂಡಾಲು ಎಲ್ಲಕ್ಕೂ ಮೂವತ್ತು ವರ್ಷದಿಂದ ಅವರೇ. ಮೂರನೇ ಮಹಡಿಯಿಂದ ದೀಪದ ಸರ ಇಳಿಬಿಡುವಾಗ ಬಾಯಲ್ಲಿ ಇನ್ಸುಲೇಷನ್ ಟೇಪು ಕಚ್ಚಿಕೊಂಡಿರುತ್ತಾರೆ, ಹಾಗಾಗಿ ಮಾತಿಲ್ಲ. ಟೇಪು ತೆಗೆದರೆ ಬರೀ ಬೈಗುಳ. ಅವರ ಪಕ್ಕದ ಬೀದಿಯಲ್ಲೇ, ಅವರ ಕಸುಬಿಗೆ ಸರಿಯಾಗಿ ಉಲ್ಟಾ ಹುಟ್ಟಿದವಳು ನಾನು, ಮೇಘಶ್ರೀ.

ನನಗೆ ಮೂರ್ಛೆರೋಗವಿದೆ. ಪಕಪಕನೆ ಹತ್ತಿ ಆರುವ ಬೆಳಕು ಕಣ್ಣಿಗೆ ಬಿದ್ದರೆ ಫಿಟ್ಸ್ ಬರುತ್ತದೆ. ಅದು ಗೊತ್ತಾದದ್ದು ನನ್ನ ಹನ್ನೊಂದನೇ ವರ್ಷದಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮಾಮ ಕಟ್ಟಿದ ದೀಪಗಳ ಕೆಳಗೆ. ಬಿದ್ದು ಒದ್ದಾಡುತ್ತಿದ್ದ ನನ್ನ ಕೈಗೆ ಅವರೇ ಓಡಿಬಂದು ಅಂಗಡಿಯ ಬೀಗದಕೈ ಗೊಂಚಲು ತುರುಕಿದರಂತೆ. ಕಬ್ಬಿಣ ಹಿಡಿದರೆ ಫಿಟ್ಸ್ ನಿಲ್ಲುತ್ತದೆ ಎಂದು ನಮ್ಮವರ ನಂಬಿಕೆ. ಯಾರೋ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ನನ್ನಜ್ಜಿ ಮುನಿಲಕ್ಷ್ಮಮ್ಮ ಗಾಳಿ ಸೋಕಿದೆ ಎಂದು ಮೆಣಸಿನಕಾಯಿ ನಿವಾಳಿಸಿದಳು. ಇಷ್ಟೆಲ್ಲ ಆಗುವಾಗಲೂ ತಲೆಯ ಮೇಲೆ ದೀಪಗಳು ಪಕಪಕ ಎನ್ನುತ್ತಲೇ ಇದ್ದವು. ಸ್ವಿಚ್ಚು ಇದ್ದದ್ದು ಮೂರೇ ಹೆಜ್ಜೆ ದೂರದಲ್ಲಿ. ಗಣಪತಿಯ ಮುಂದೆ ದೀಪ ಆರಿಸಬಾರದಂತೆ, ಅದಕ್ಕೇ ಯಾರೂ ಆರಿಸಲಿಲ್ಲ!

ಡಾಕ್ಟರು ನಿಜವಾದ ಕಾರಣ ಹೇಳಿದ ಮೇಲೆ ಮಾಮ ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೇ ಕುಳಿತು ಅತ್ತರಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವರೊಬ್ಬರದೇ ಏನು, ಇಡೀ ಊರಿನ ಕಥೆಯೂ ಅದೇ.

ಹೋದ ವರ್ಷ ನನ್ನ ಮದುವೆ ಗೊತ್ತಾಯಿತು. ಹುಡುಗ ಕೋಣನಕುಂಟೆಯ ಮನೋಜ್. ನನ್ನ ಕಾಯಿಲೆಯ ವಿಷಯ ಅವರ ಮನೆಯವರಿಗೆಲ್ಲ ಹೇಳಿದ ಮೇಲೆಯೇ ಅವರು ಒಪ್ಪಿದ್ದು. ಆದರೆ ಕೇಳುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ಬೀಗರೆಲ್ಲ ನೆರೆದ ಚಪ್ಪರದ ಕೆಳಗೆ ನಾನು ಬಿದ್ದರೆ? ಅಪ್ಪ ಬೈರಣ್ಣನಿಗೆ ಅದೇ ಭಯ.

"ಬಣ್ಣದ ಲೈಟೇ ಬೇಡ. ಸುಮ್ನೆ ಬಿಳೀ ಲೈಟ್ ಹಾಕ್ಸೋಣ," ಎಂದ ಅಪ್ಪ.

"ನಾನೇನು ಪೆಟ್ರೋಲ್ ಬಂಕಲ್ಲಿ ಮದುವೆ ಆಗ್ತಿದೀನಾ?" ಎಂದು ರೇಗಿದೆ. ಹದಿನೈದು ವರ್ಷ ಊರಿನ ಎಲ್ಲ ಮದುವೆ ಮನೆಗಳನ್ನೂ ತಲೆ ತಗ್ಗಿಸಿಕೊಂಡೇ ದಾಟಿದವಳು ನಾನು. ನನ್ನ ಮನೆಯ ಮೇಲೆ ಬಣ್ಣ ಬದಲಾಗುವುದನ್ನು ಒಂದು ಸಲ ತಲೆಯೆತ್ತಿ ನೋಡಬೇಕಿತ್ತು. ಡಾಕ್ಟರನ್ನು ಕೇಳಿದೆ. ನಿಧಾನವಾಗಿ ಏರಿ ಇಳಿಯುವ ಬೆಳಕಿಗೆ ತೊಂದರೆಯಿಲ್ಲ, ಮಿಟುಕಬಾರದು ಅಷ್ಟೇ ಎಂದರು. ನೇರವಾಗಿ ಮಾಮನ ಅಂಗಡಿಗೆ ಹೋದೆ.

ಅವರು ಒಂದು ಕಂಟ್ರೋಲರ್ ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ರೆಡಿಮೇಡ್ ಕಂಟ್ರೋಲರಲ್ಲಿ ನಿಧಾನದ ಪ್ರೋಗ್ರಾಮೂ ಇರ್ತದೆ ಕಣಮ್ಮ. ಆದ್ರೆ ನನ್ಹತ್ರ ಇರೋ ಡಬ್ಬಿಗಳು ಕರೆಂಟ್ ಹೋಗಿ ಬಂದ್ರೆ ಮೊದಲ್ನೇ ಪ್ರೋಗ್ರಾಮಿಗೇ ಹೋಗ್ತವೆ, ಪಕಪಕ ಅಂತ. ಪಕಪಕ ಅನ್ನೋಕೇ ಬರದೇ ಇರೋ ಸರ್ಕ್ಯೂಟ್ ಬೇಕು ನಂಗೆ. ಪ್ರೋಗ್ರಾಮೇ ಇರಬಾರ್ದು."

ಮೂರು ಭಾನುವಾರ ಬೆಳಿಗ್ಗೆ ಅವರ ಅಂಗಡಿಯಲ್ಲಿ ಕುಳಿತೆ. ಕೆಂಪು, ಹಸಿರು, ನೀಲಿ, ಒಂದೊಂದು ಬಣ್ಣಕ್ಕೂ ಒಂದೊಂದು ಸಣ್ಣ ಸರ್ಕ್ಯೂಟು. ಎಂಟು ಕಾಲಿನ ಟೈಮರ್ ಐಸಿ, ಹೆಬ್ಬೆರಳು ದಪ್ಪದ ಕಂಡೆನ್ಸರು, ಎರಡು ರೆಸಿಸ್ಟರು, ಒಂದು ಟ್ರಾನ್ಸಿಸ್ಟರು.

"ಕಂಡೆನ್ಸರ್ ಅಂದ್ರೆ ನಿಮ್ಮನೆ ನೀರಿನ ಸಂಪು ಅನ್ಕೋ," ಎಂದರು. "ರೆಸಿಸ್ಟರು ಅರ್ಧ ತಿರುಗ್ಸಿರೋ ನಲ್ಲಿ. ಸಂಪು ನಿಧಾನಕ್ಕೆ ತುಂಬ್ತದೆ, ಲೈಟು ಏರ್ತದೆ. ಮೂರರಲ್ಲಿ ಎರಡು ಭಾಗ ತುಂಬಿದ ತಕ್ಷಣ ಈ ಐಸಿ ನೀರು ಬಿಡ್ತದೆ, ಲೈಟು ಇಳೀತದೆ. ಒಂದು ಭಾಗ ಉಳಿದಾಗ ತಿರ್ಗಾ ತುಂಬ್ಸೋಕೆ ಶುರು."

"ನಮ್ಮನೆ ಸಂಪು ಯಾವತ್ತೂ ಅಷ್ಟು ತುಂಬಿಲ್ಲ ಮಾಮ."

"ಬಾಯಿ ನೋಡು ಇವಳ್ದು. ಆ ವೈರ್ ಹಿಡ್ಕೋ."

ಒಂದು ಸಲ ಏರಿ ಇಳಿಯಲು ಕೆಂಪಿಗೆ ಏಳು ಸೆಕೆಂಡು, ಹಸಿರಿಗೆ ಒಂಬತ್ತು, ನೀಲಿಗೆ ಹನ್ನೊಂದು. ಒಂದು ಏರುವಾಗ ಇನ್ನೊಂದು ಇಳಿಯುತ್ತಿದ್ದರೆ ನಡುವೆ ತಾನಾಗಿಯೇ ನೇರಳೆ, ಹಳದಿ ಹುಟ್ಟುತ್ತವೆ ಎಂದರು. ಮೊದಲ ಪರೀಕ್ಷೆಗೆ ನನ್ನನ್ನು ಹೊರಗೆ ಕಳಿಸಿ, ಹೆಂಡತಿ ಲತಾಮಣಿಯನ್ನು ಕೂರಿಸಿಕೊಂಡರು. ಒಳಗಿನಿಂದ ಆಕೆ ಕೂಗಿದ್ದು ಬೀದಿಗೇ ಕೇಳಿತು: "ಅಯ್ಯೋ, ಪಕಪಕ ಅಂತೈತೆ ಕಣ್ರೀ!"

ಮೂವತ್ತು ವರ್ಷ ಮಿಟುಕುವ ದೀಪ ಮಾಡಿದ ಕೈ. ಅಭ್ಯಾಸಬಲದಿಂದ ಐಸಿಯ ಮೂರನೇ ಕಾಲಿನಿಂದಲೇ ವೈರು ಎಳೆದಿತ್ತು. ಆ ಕಾಲಿಗೆ ಹತ್ತುವುದು, ಆರುವುದು ಎರಡೇ ಗೊತ್ತು. ಮಾಮ ದೀಪ ಆರಿಸಿ ನನ್ನನ್ನು ಒಳಗೆ ಕರೆದರು. ಸಾಲ್ಡರಿಂಗ್ ಐರನ್ ಕೆಳಗಿಟ್ಟು, "ಬೇಡ ಮಗಳೇ. ಒಂದ್ಸಲ ನಿನ್ನ ಬೀಳಿಸಿದೀನಿ, ಸಾಕು," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಅವತ್ತು ಯಾರಿಗೂ ಗೊತ್ತಿರ್ಲಿಲ್ಲ, ಅದು ತಪ್ಪಲ್ಲ. ಇವತ್ತು ಗೊತ್ತಿದ್ದೂ ಬಿಟ್ಟು ಎದ್ರೆ ಅದು ತಪ್ಪು!"

ಮಾಮ ಮತ್ತೆ ಕೆಲಸಕ್ಕೆ ಕುಳಿತರು. ಕಟರ್ ತೆಗೆದುಕೊಂಡು ಮೂರೂ ಐಸಿಗಳ ಮೂರನೇ ಕಾಲನ್ನು ಬುಡಕ್ಕೇ ಕತ್ತರಿಸಿ ಎಸೆದರು. ನಿಧಾನಕ್ಕೆ ತುಂಬಿ ಇಳಿಯುವ ಕಂಡೆನ್ಸರಿನಿಂದಲೇ ವೈರು ಎಳೆದು, ದೀಪ ಉರಿಸುವ ಟ್ರಾನ್ಸಿಸ್ಟರಿಗೆ ಕೊಟ್ಟರು. ಟ್ರಾನ್ಸಿಸ್ಟರು ಕೈ ಸುಡುವಷ್ಟು ಕಾದಾಗ ಹಳೇ ಕಿಟಕಿಯ ಅಲ್ಯೂಮಿನಿಯಂ ತುಂಡಿಗೆ ಅದನ್ನು ಸ್ಕ್ರೂ ಮಾಡಿದರು. ನನ್ನನ್ನು ಮತ್ತೆ ಹೊರಗೆ ಕಳಿಸಿ ಪರೀಕ್ಷೆ ಮಾಡಿದಾಗ, ಈ ಸಲ ಲತಾಮಣಿಯತ್ತೆ ಕೂಗಲಿಲ್ಲ. ಐದು ನಿಮಿಷ ನೋಡಿದ ಮೇಲೆ ಬಾಗಿಲಿಗೆ ಬಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ನನಗಾಗಿ ಮಾತ್ರೆ ಬರೆದವರಿದ್ದಾರೆ, ಹರಕೆ ಹೊತ್ತವರಿದ್ದಾರೆ. ಅವರೆಲ್ಲರನ್ನೂ ನೆನೆಯುತ್ತೇನೆ. ಆದರೆ ನನ್ನ ಒಂದು ಹಟಕ್ಕಾಗಿ, ತಾವು ಜೀವನವಿಡೀ ಮಾಡಿದ ಕೆಲಸವನ್ನು ತಿರುಗಿಸಿ ಮಾಡಿದವರು ಇವರೊಬ್ಬರೇ.

ಚಪ್ಪರದ ದಿನ ಸಂಜೆ ಏಳಕ್ಕೆ, ಕೆನ್ನೆಯ ತುಂಬ ಅರಿಶಿನ ಹಚ್ಚಿಕೊಂಡು ಗೇಟಿನ ಹೊರಗೆ ಬಂದು ನಿಂತೆ. ಬೀಗರೆಲ್ಲ ಬಂದಿದ್ದರು. ಮನೆ ಕೆಂಪಾಗಿ, ನೇರಳೆಯಾಗಿ, ನೀಲಿಗೆ ತಿರುಗುವಷ್ಟರಲ್ಲಿ ಕರೆಂಟು ಹೋಯಿತು. ಅಪ್ಪ ಓಡಿಬಂದು ತನ್ನ ಟವಲನ್ನು ನನ್ನ ಮುಖಕ್ಕೆ ಹಾಕಿ, "ಒಳಗ್ ನಡಿ, ಒಳಗ್ ನಡಿ," ಎಂದು ಎಳೆದ. ನಾನು ಟವಲು ಕಿತ್ತು ಅವನ ಕೈಗೇ ಕೊಟ್ಟೆ.

ಕರೆಂಟು ಬಂತು. ಎದುರು ಮನೆಯ ಟ್ಯೂಬ್‌ಲೈಟು ಥಟ್ಟನೆ ಹತ್ತಿತು. ನಮ್ಮ ಮನೆ ಮಾತ್ರ ಹಾಗೇ ಕತ್ತಲಲ್ಲಿತ್ತು. ಆಮೇಲೆ ಮಹಡಿಯಿಂದ ಗೇಟಿನವರೆಗೆ ಮಂದವಾಗಿ ಕೆಂಪು ಕಾಣಿಸಿತು, ಸಾವಕಾಶವಾಗಿ ಏರಿತು, ಅದರ ಹಿಂದೆ ಹಸಿರು, ಅದರ ಹಿಂದೆ ನೀಲಿ. ಎಲ್ಲರೂ ದೀಪ ನೋಡುತ್ತಿದ್ದರು. ಕೆಂಪರಾಜು ಮಾಮ ಮಾತ್ರ ದೀಪಕ್ಕೆ ಬೆನ್ನು ಮಾಡಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

ನನಗೇನೂ ಆಗಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಿದೆ. "ಮೊದ್ಲು ದೇವ್ರಿಗೆ ಕಣೇ!" ಎಂದು ಅಜ್ಜಿ ಗೊಣಗಿದಳು. ಮಾಮ ನನ್ನ ಭುಜ ಹಿಡಿದು ಎಬ್ಬಿಸಿ, ಮನೆಯ ಕಡೆಗೆ ತಿರುಗಿಸಿದರು.

"ನನ್ ಕಾಲೇನ್ ನೋಡ್ತೀಯ, ಅಲ್ಲಿ ನೋಡು ಮಗಳೇ. ನಿಂಗೇ ಮಾಡಿದ್ದು," ಎಂದರು.

ಊಟಕ್ಕೆ ಕರೆಯುವವರೆಗೂ ತಲೆಯೆತ್ತಿ ನೋಡುತ್ತಲೇ ನಿಂತಿದ್ದೆ.