ಪಾರ್ಸೆಲ್ ಕಾಕಾ ಜೋಪಾನ ಮಾಡಿದ ಸಹಿಗಳು

ಅವರ ಬಲಗೈ ಹೆಬ್ಬೆರಳಿನ ಉಗುರೊಳಗೆ ಅರಗಿನ ಕೆಂಪು ಕೂತುಬಿಟ್ಟಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಆ ಬೆರಳನ್ನು ಮೇಲೆತ್ತಿ ಹಿಡಿದೇ ರೊಟ್ಟಿ ಮುರಿಯುತ್ತಿದ್ದರು. ಹೊಸಪೇಟೆಯ ಅಂಚೆ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆ, ದಬ್ಬಣ, ಬಿಳಿ ಬಟ್ಟೆಯ ಥಾನು, ಮೇಣದ ಬತ್ತಿ, ಇಷ್ಟೇ ಅವರ ಅಂಗಡಿ. ದೂರದೇಶಕ್ಕೆ ಹೋಗುವ ಪಾರ್ಸೆಲ್‌ಗಳಿಗೆ ಬಟ್ಟೆ ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುವುದು ಅವರ ಕೆಲಸ. ಊರಿಗೆಲ್ಲ ಅವರು ಪಾರ್ಸೆಲ್ ಕಾಕಾ.

ನಾನಾಗ ಹಂಪಿ ಬಜಾರಿನ ಅಂಗಡಿಯೊಂದರಲ್ಲಿ ಕಸೂತಿ ಚೀಲ ಮಾರುತ್ತಿದ್ದೆ. ಪ್ರವಾಸಿಗರು ಕೊಂಡ ಸಾಮಾನನ್ನು ಅವರವರ ದೇಶಕ್ಕೆ ಕಳಿಸಲು ವಾರಕ್ಕೆರಡು ಸಲ ಕಾಕಾನ ಹತ್ತಿರ ಬರುತ್ತಿದ್ದೆ. ಜಲ್ದಿ ಮಾಡ್ರಿ ಅಂದರೆ ಮುಗಿಯಿತು, ಬೇಕಂತಲೇ ಇನ್ನೂ ನಿಧಾನ. ಒಮ್ಮೆ ಆರಡಿಯ ಬಿಳಿಯನೊಬ್ಬ ಕೆತ್ತನೆಯಿದ್ದ ಕಲ್ಲಿನ ಚೂರೊಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಕಾಕಾ ಬಿಚ್ಚಿ ನೋಡಿದವರೇ ಅವನ ಮಡಿಲಿಗೆ ವಾಪಸಿಟ್ಟು, "ಎಲ್ಲಿ ಬಿದ್ದಿತ್ತೋ ಅಲ್ಲೇ ಇಟ್ಟು ಬಾ. ಆಮ್ಯಾಲೆ ಮಾತು" ಅಂದರು. ಅವನಿಗೆ ಕನ್ನಡ ಬಾರದು, ಇವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಆದರೂ ಅವನು ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದ.

ಅಂಗಡಿಗೆ ಬರುತ್ತಿದ್ದ ಪ್ರವಾಸಿಗರಲ್ಲೇ ಒಬ್ಬನನ್ನು ಮೆಚ್ಚಿ ನಾನು ಮದುವೆಯಾದೆ. ಅವನ ದೇಶಕ್ಕೆ ಹೊರಡುವ ಮುಂಚೆ ಹೇಳಿ ಹೋಗಲು ಬಂದಾಗ ಕಾಕಾ ನನ್ನ ತಲೆಯಿಂದ ಕಾಲತನಕ ನೋಡಿ, "ಇಷ್ಟ್ ದಿನ ಬ್ಯಾರೆಯವರ ಸಾಮಾನ ಕಳಿಸಿದಿ. ಈಗ ನಿನ್ನ ನೀನ ಕಳಿಸ್ಕೊಳ್ಳಾಕತ್ತಿಯಲ್ಲವ್ವಾ!" ಎಂದು ನಕ್ಕರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ನಮ್ಮೂರು ಮಲಪನಗುಡಿಯಿಂದ ಅವ್ವ ಹಬ್ಬಹಬ್ಬಕ್ಕೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಸಿ ಕಳಿಸುತ್ತಿದ್ದಳು. ಹೊಲಿಯುವವರು ಕಾಕಾ. ರಿಜಿಸ್ಟರ್ ಮಾಡಿ, ಪಡೆದವರು ಸಹಿ ಹಾಕಿದ ಕಾರ್ಡು ಇಲ್ಲಿಗೆ ಹಿಂತಿರುಗಿ ಬರಲೇಬೇಕೆಂಬುದು ಅವರ ಹಟ. ಸುಮ್ಮನೆ ದಂಡದ ಖರ್ಚು ಎಂದು ಅವ್ವ ಗೊಣಗಿದರೆ, "ಕಳಿಸೋದೇನ್ ದೊಡ್ಡ ಮಾತಲ್ಲ ತಂಗಿ, ಮುಟ್ಟಿದ್ದು ಗೊತ್ತಾಗಬೇಕು" ಎನ್ನುತ್ತಿದ್ದರು. ಕಳಿಸುವವರ ವಿಳಾಸದ ಜಾಗದಲ್ಲಿ ತಮ್ಮ ಮನೆಯದನ್ನೇ ಬರೆಯುತ್ತಿದ್ದರು. ಅವ್ವನ ಕೈಗೆ ಕೊಟ್ಟರೆ ಕಾರ್ಡು ಒಲೆ ಸೇರುತ್ತದೆಂಬ ಭಯ. ಆ ಭಯ ಸುಳ್ಳೇನಲ್ಲ.

ಮದುವೆ ಮೂರು ವರ್ಷ ದಾಟಿ ಸ್ವಲ್ಪ ದಿನಕ್ಕೆ ಮುರಿಯಿತು. ಯಾಕೆ ಏನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಹಳಸಿದ ಅನ್ನ. ಗಂಡ ಹೆಂಡತಿ ಬೇರೆಯಾಗಿದ್ದು ಒಂದು ವರ್ಷವಾದ ಮೇಲಷ್ಟೇ ಅಲ್ಲಿ ವಿಚ್ಛೇದನ. ಅದು ಬೇಗ ಸಿಗಲೆಂದು ಅವನು ತಾನು ಮನೆ ಬಿಟ್ಟ ದಿನವನ್ನು ಎಂಟು ತಿಂಗಳು ಹಿಂದಕ್ಕೆ ಬರೆದುಕೊಟ್ಟಿದ್ದ. ಕಾಗದಪತ್ರದ ಭಾಷೆ ಅರೆಬರೆ ಬರುತ್ತಿದ್ದ ನಾನು ಅದನ್ನು ಗಮನಿಸಿರಲೇ ಇಲ್ಲ. ಅಲ್ಲಿಯ ಕಾನೂನಿನಂತೆ, ಮೂರು ವರ್ಷ ಒಂದೇ ಸೂರಿನಡಿ ಬಾಳಿದ್ದರೆ ಮಾತ್ರ ಗಂಡ ಬಿಟ್ಟರೂ ಹೆಂಡತಿ ಆ ದೇಶದಲ್ಲಿ ಉಳಿಯಬಹುದು. ಅವನ ಲೆಕ್ಕದಲ್ಲಿ ನನ್ನ ಮೂರು ವರ್ಷ ತುಂಬಿರಲೇ ಇಲ್ಲ! ಮನೆಯ ಕರಾರು, ಕರೆಂಟಿನ ಬಿಲ್ಲು ಎಲ್ಲ ಅವನ ಹೆಸರಿನಲ್ಲಿ. ವೃದ್ಧರ ಆರೈಕೆಯ ನರ್ಸಿಂಗ್ ಓದು ಮುಗಿಯಲು ಇನ್ನೊಂದೇ ವರ್ಷವಿತ್ತು. ಅಲ್ಲಿ ನಾನು ದುಡಿದು ಗಳಿಸಿದ್ದು ಅದೊಂದೇ. ಅದನ್ನು ಬಿಟ್ಟು ಹೊರಡು ಎಂದು ಅಲ್ಲಿಯ ವಲಸೆ ಕಚೇರಿಯಿಂದ ಪತ್ರ ಬಂತು.

ಫೋನಿನಲ್ಲಿ ಅವ್ವನ ಹತ್ತಿರ ಗೋಳೋ ಎಂದು ಅತ್ತೆ. ಅವಳು ಮರುದಿನ ಬೆಳಗಿನ ಬಸ್ಸಿಗೇ ಹೊಸಪೇಟೆಗೆ ಹೋಗಿ ಕಾಕಾನ ಮುಂದೆ ಕೂತು ಅತ್ತಳು. ಕಾಕಾ ದಬ್ಬಣ ಕೆಳಗಿಟ್ಟು ಅವಳ ಫೋನಿನಿಂದಲೇ ನನ್ನ ಜೊತೆ ಮಾತಾಡಿದರು.

"ಅಳಬ್ಯಾಡ. ಅಂವ ಆ ಮನ್ಯಾಗ ಇದ್ದ ಅನ್ನಾಕ ಏನ್ ಬೇಕವ್ವಾ ಅವರಿಗೆ?"

"ಅವನ ಕೈಯಿಂದ ಆದದ್ದು ಏನಾರ ಒಂದು ಕಾಗದ, ಕಾಕಾ. ತಾರೀಕು ಇರಬೇಕು."

"ಅಂವನ ಸಹಿ ನಡೀತೈತೇನು?"

ನಡೆಯುತ್ತದೆ ಎಂದೆ. ನನಗೆ ಹೊಳೆದೇ ಇರಲಿಲ್ಲ. ಹಗಲು ನಾನು ಕ್ಲಾಸಿನಲ್ಲಿರುತ್ತಿದ್ದೆ, ಅವನು ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ಅವ್ವನ ಚಟ್ನಿಪುಡಿಗೆಲ್ಲ ಬಾಗಿಲಲ್ಲಿ ಸಹಿ ಹಾಕಿದವನು ಅವನೇ. ಆ ಕಾರ್ಡುಗಳನ್ನೆಲ್ಲ ಕಾಕಾ ಒಂದು ತಂತಿಗೆ ಪೋಣಿಸಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದರು. ತಾನು ಇರಲಿಲ್ಲ ಎಂದು ಅವನು ಬರೆದುಕೊಟ್ಟಿದ್ದ ಎಂಟು ತಿಂಗಳಲ್ಲೇ ಪಂಚಮಿ, ದೀಪಾವಳಿ, ಸಂಕ್ರಾಂತಿಯ ಮೂರು ಕಾರ್ಡುಗಳಿದ್ದವು. ಸಂಕ್ರಾಂತಿಯದರ ಮೇಲೆ ಬಿದ್ದ ತಾರೀಕಿಗೆ ಮೂರು ವರ್ಷ ತುಂಬಿ ಒಂಬತ್ತು ದಿನವಾಗಿತ್ತು. ಒಂಬತ್ತೇ ದಿನ! ದೇವರೇ, ನಾನು ಅದೆಷ್ಟು ಸಲ ಬೆರಳು ಮಡಚಿ ಎಣಿಸಿದೆನೋ.

ಬರೀ ಲಕೋಟೆಯಾದರೆ ಎಲ್ಲಾದರೂ ಬಿದ್ದುಹೋಗುತ್ತದೆ, ಪಾರ್ಸೆಲ್ ಬೀಳುವುದಿಲ್ಲ ಎಂದು ಕಾಕಾ ಕಾರ್ಡುಗಳನ್ನು ಎರಡು ಕಿಲೋ ಚಟ್ನಿಪುಡಿಯ ನಡುವೆ ಹೂತು ಹೊಲಿದು ಕಳಿಸಿದರು. ಎಣ್ಣೆ ಕುಡಿದ ಆ ಕಾರ್ಡುಗಳನ್ನು ವಲಸೆ ಕಚೇರಿಯ ಅಧಿಕಾರಿಯ ಮೇಜಿನ ಮೇಲಿಟ್ಟಾಗ ಕೋಣೆಯೆಲ್ಲ ಬೆಳ್ಳುಳ್ಳಿಯ ಘಮಲು. ಆಕೆ ಮೂಗು ಮುಚ್ಚಿಕೊಂಡೇ ಸಹಿಗೆ ಸಹಿ ಹೋಲಿಸಿದಳು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಅವನನ್ನು ಕರೆಸಿ ಕೇಳಿದಾಗ, ಹೌದು, ಸಹಿ ನನ್ನದೇ ಎಂದನಂತೆ. ಅಷ್ಟು ನಿಯತ್ತು ಉಳಿದಿತ್ತು. ಆರು ವಾರಕ್ಕೆ ಪತ್ರ ಬಂತು, ಉಳಿಯಬಹುದು ಎಂದು. ಆವತ್ತು ಹಾಸಿಗೆಗೆ ಬಿದ್ದವಳು ಮರುದಿನ ಮಧ್ಯಾಹ್ನವೇ ಎದ್ದದ್ದು. ಅಂಥ ನಿದ್ದೆ ಎಷ್ಟೋ ತಿಂಗಳಿಂದ ಬಂದಿರಲಿಲ್ಲ.

ರಜೆಗೆ ಊರಿಗೆ ಬಂದಾಗ, ಅಲ್ಲಿ ಉಳಿಯಲು ಕೊಟ್ಟಿದ್ದ ಹೊಸ ಗುರುತಿನ ಕಾರ್ಡನ್ನು ಕಾಕಾನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಇದರಾಗ ಗಂಡನ ಹೆಸರು ಎಲ್ಲಿ ಐತಿ?"

"ಇಲ್ಲ ಕಾಕಾ. ನಂದೊಂದೇ."

"ಮಸ್ತ್ ಆತು ಬಿಡು. ಇನ್ನ ಯಾರನ್ನೂ ಕೇಳಂಗಿಲ್ಲ" ಎಂದು ಅಂಗಿಗೆ ಒರೆಸಿ ವಾಪಸು ಕೊಟ್ಟರು. ಏನು ಕೊಡಲಿ ಎಂದು ಕೇಳಿದ್ದಕ್ಕೆ ಬೈದು ಚಹಾ ತರಿಸಿದರು.

ಮುಂದಿನ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದ ದಿನವೇ ಹೊರಟು ಬಂದೆ. ಮಣ್ಣು ಮಾಡುವ ಹೊತ್ತಿಗೆ ಸಿಗಲಿಲ್ಲ, ಮೂರನೆಯ ದಿನಕ್ಕೆ ಮುಟ್ಟಿದೆ. ವಾರದ ಮೇಲೆ, ಓದು ಮುಗಿಸಿ ಸೇರಿದ್ದ ನರ್ಸ್ ಕೆಲಸಕ್ಕೆ ಮರಳಿದಾಗ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ಗುರುತಿನ ಕಾರ್ಡು ನೋಡಿ, ಯಾಕೆ ಬಂದೆ, ಯಾರಿದ್ದಾರೆ ಎಂದು ಒಂದು ಮಾತೂ ಕೇಳದೆ ಹಿಂತಿರುಗಿಸಿದ. ಊರಿನಲ್ಲಿ ತಡೆದುಕೊಂಡಿದ್ದ ಅಳು ಅಲ್ಲಿ ಬಂತು. ಸಾಲಿನಲ್ಲಿ ಹಿಂದಿದ್ದ ಮುದುಕಿ ಏನಾಯಿತಮ್ಮ ಎಂದು ಭುಜ ಹಿಡಿದಳು. ನಮ್ಮ ಕಾಕಾ ಹೋದರು ಎಂದು ಅವಳ ಭಾಷೆಯಲ್ಲೇ ಹೇಳಿದೆ.